ಮೇಣದಕ್ಕ ಕುಣಿತದ ಹಾಡು ಕಟ್ಟಿದ್ದು

ಹಲ್ಲಿನ ಸೆಟ್ಟು ಕಟ್ಟುವ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರುಗಳು ಯಾರದೋ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಆ ಅಳತೆಗೆ ಪ್ಲಾಸ್ಟರಿನ ಅಚ್ಚು ಹುಯ್ದು, ಅದರ ಮೇಲೆ ಗುಲಾಬಿ ಬಣ್ಣದ ಮೇಣದಲ್ಲಿ ಒಸಡು ತಿದ್ದಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸುವುದು ಅವಳ ಕೆಲಸ. ಮೇಣದ ಜಾಗಕ್ಕೆ ಗಟ್ಟಿ ಪದಾರ್ಥ ಬಂದು ಕೂತ ಮೇಲೆ ಗ್ರೈಂಡರ್ ಹಿಡಿದು ಉಜ್ಜಿ ನುಣುಪು ಮಾಡುವುದೂ ಅವಳದೇ. ಗ್ರೈಂಡರ್ ಅಂದರೆ ಪೆನ್ನಿನ ಹಾಗೆ ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಮೋಟಾರು. ತಿರುಗತೊಡಗಿದರೆ ಕೀ ಎಂದು ಒಂದೇ ಸಮನೆ ಕಿರುಚುತ್ತದೆ. ಮದುವೆಗೆ ಮುಂಚಿನಿಂದ ಅವಳು ಆ ಕಿರುಚಾಟದ ಜೊತೆಗೇ ಬದುಕಿದವಳು. ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ.

ಮೇಣದಕ್ಕನಿಗೆ ಕೆಲಸದಲ್ಲಿ ಎಷ್ಟು ತಾಳ್ಮೆಯೋ ಮನೆಯಲ್ಲಿ ಅಷ್ಟೇ ಮೂಗಿನ ತುದಿಯ ಕೋಪ. ಸಾಮಾನು ಸಾಗಿಸುವ ವ್ಯಾನು ಓಡಿಸುವ ಗಂಡ ಇದನ್ನು ಅರಿತು, ಅವಳು ಲ್ಯಾಬಿನಿಂದ ಬಂದು ಟೀ ಕುಡಿದು ಮುಗಿಸುವವರೆಗೆ ಮಾತೇ ತೆಗೆಯುತ್ತಿರಲಿಲ್ಲ.

ಬಗ್ಗಿ ಬಗ್ಗಿ ಕೆಲಸ ಮಾಡಿದ್ದಕ್ಕೆ ಅವಳ ಕತ್ತು ಹಿಡಿದುಕೊಂಡದ್ದರಿಂದ ಈ ಕತೆ ಶುರುವಾಯಿತು. ಗಂಡನ ತಂಗಿ ಟೈರು ಅಂಗಡಿಯ ಮೇಲಿನ ದೊಡ್ಡ ಹಾಲ್‌ನಲ್ಲಿ ಹೆಂಗಸರಿಗೆ ವ್ಯಾಯಾಮದ ಕ್ಲಾಸು ನಡೆಸುತ್ತಿದ್ದಳು. "ಅತ್ತಿಗೆ, ಮಾತ್ರೆ ನುಂಗೋದು ಬಿಟ್ಟು ನನ್ನ ಕ್ಲಾಸಿಗೆ ಬನ್ನಿ. ಕತ್ತೊಂದೇ ಅಲ್ಲ, ಇಡೀ ಮೈ ಸಡಿಲ ಮಾಡಿ ಕಳಿಸ್ತೀನಿ" ಎಂದು ಎಳೆದುಕೊಂಡು ಹೋದಳು.

ಕೈಕಾಲು ಆಡಿಸುವುದು ಮೇಣದಕ್ಕನಿಗೆ ಹಿಡಿಸಲಿಲ್ಲ. ಎಲ್ಲರೂ ಎಡಕ್ಕೆ ತಿರುಗಿದರೆ ಇವಳು ಬಲಕ್ಕೆ ತಿರುಗಿ ಪಕ್ಕದವಳ ಮುಖಕ್ಕೆ ಮುಖ ಕೊಡುತ್ತಿದ್ದಳು. ಆದರೆ ಅಲ್ಲಿ ಹಾಕುತ್ತಿದ್ದ ಹಾಡು ಅವಳನ್ನು ಹಿಡಿದು ನಿಲ್ಲಿಸಿತು. ಮಾತಿಲ್ಲ, ಹಾಡುಗಾರರಿಲ್ಲ. ನೆಲಕ್ಕೆ ಗುದ್ದಿದ ಹಾಗೆ ಧಡ್ ಧಡ್ ಧಡ್ ಎಂದು ಒಂದೇ ನಡಿಗೆ, ಅದರ ಕೆಳಗೆ ಹರಿದಾಡುವ ದಪ್ಪ ದನಿ, ಮೇಲೆ ಒಂದು ಸಣ್ಣ ಸ್ವರದ ಎಳೆ ಬಂದು ಬಂದು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಎಲ್ಲ ನಿಂತ ಹಾಗಾಗುತ್ತದೆ. ಮತ್ತೆ ಆ ಧಡ್ ಧಡ್ ಬಂದು ಬಿದ್ದಾಗ ಎದೆಯೊಳಗೇ ಯಾರೋ ತಟ್ಟಿದ ಹಾಗೆ.

ಕ್ಲಾಸು ಮುಗಿದ ಮೇಲೆ ಕೇಳಿದಳು, "ಇದನ್ನ ಯಾರು ಬಾರಿಸ್ತಾರೆ?"

ನಾದಿನಿ ಬೆವರು ಒರೆಸಿಕೊಳ್ಳುತ್ತ ನಕ್ಕಳು. "ಯಾರೂ ಬಾರಿಸಲ್ಲ ಅತ್ತಿಗೆ. ಕಂಪ್ಯೂಟರಲ್ಲಿ ಕೂತು ಮಾಡ್ತಾರೆ. ಮನೇಲೇ, ಮಂಚದ ಮೇಲೆ ಕೂತು ಮಾಡೋರೂ ಇದಾರಂತೆ."

ಮನೆಯಲ್ಲೇ, ಮಂಚದ ಮೇಲೆ ಕೂತು. ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ತುಣುಕು ತುಣುಕು ಕೂರಿಸಿ ಒಂದು ಇಡೀ ಬಾಯಿ ಕಟ್ಟುವವಳು ತಾನು. ತುಣುಕು ತುಣುಕು ಕೂರಿಸಿ ಒಂದು ಹಾಡು ಕಟ್ಟಲಾರೆನೇ ಎಂದುಕೊಂಡಳು. ಇಷ್ಟು ಸುಲಭವಾಗಿ ಅಂದುಕೊಂಡದ್ದಕ್ಕೆ ಆಮೇಲೆ ಎಷ್ಟು ಸಲ ತನ್ನನ್ನೇ ಬೈದುಕೊಂಡಳೋ.

ಮಗಳು ಹೊಸ ಲ್ಯಾಪ್‌ಟಾಪ್ ಕೊಂಡಿದ್ದರಿಂದ ಹಳೆಯದು ಕಪಾಟಿನ ಮೇಲೆ ಬಿದ್ದಿತ್ತು. ಮಗಳೇ ಅದರಲ್ಲಿ ಹಾಡು ಕಟ್ಟುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ತನ್ನ ಹಳೆಯ ಹೆಡ್‌ಫೋನೂ ಕೊಟ್ಟಳು. ತೆರೆದರೆ ಪರದೆಯ ತುಂಬ ಬೂದು ಬಣ್ಣದ ಚೌಕಗಳು. ಒಂದು ಸಾಲು ಗುದ್ದುವ ಸದ್ದಿಗೆ, ಒಂದು ಚಪ್ಪಾಳೆಗೆ, ಒಂದು ಚಿಸ್ ಚಿಸ್ ಎನ್ನುವ ತಾಳದ ಸದ್ದಿಗೆ. ಗುದ್ದಿಗೆ ಕಿಕ್ ಎನ್ನುತ್ತಾರೆ, ಚಿಸ್ ಚಿಸ್‌ಗೆ ಹ್ಯಾಟ್ ಎನ್ನುತ್ತಾರೆ ಎಂದು ಕಲಿತಳು. ಚೌಕ ಒತ್ತಿದರೆ ಅದು ಬಣ್ಣ ತುಂಬಿಕೊಂಡು, ಸರದಿ ಬಂದಾಗ ಸದ್ದು ಮಾಡುತ್ತದೆ. ಮೊದಲ ಸಂಜೆಯೇ ಧಡ್ ಧಡ್ ಧಡ್ ಧಡ್ ಎಂದು ಹೊರಟಿತು. ಮೇಣದಕ್ಕ ಕುರ್ಚಿಯಲ್ಲೇ ಹೆಗಲು ಕುಣಿಸಿದಳು.

ಹಿಗ್ಗು ಅಲ್ಲಿಗೇ ಮುಗಿಯಿತು.

ಒಂದು ಕಿಕ್ ಆರಿಸೋಣ ಎಂದರೆ ಆ ಸಾಫ್ಟ್‌ವೇರಿನಲ್ಲಿ ರಾಶಿ ರಾಶಿ ಕಿಕ್‌ಗಳು. ಒಂದು ಡಬ್ ಎನ್ನುತ್ತದೆ, ಇನ್ನೊಂದು ಧುಬ್ ಎನ್ನುತ್ತದೆ, ಮತ್ತೊಂದು ಎರಡರ ನಡುವೆ. ಕೇಳುತ್ತ ಕೇಳುತ್ತ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ತಿಳಿಯದ ಹಾಗಾಗಿ, ಇಡೀ ಸಂಜೆ ಕಳೆದು, ಮೊದಲು ಒತ್ತಿದ್ದನ್ನೇ ಇಟ್ಟುಕೊಳ್ಳುವಳು. ಸ್ವರ ನುಡಿಸೋಣ ಎಂದು ಕೀಬೋರ್ಡಿನ ಕೀಲಿ ಒತ್ತಿದರೆ ಸದ್ದು ನಿಧಾನವಾಗಿ, ಕರೆದ ಕೂಡಲೇ ಬರದ ಮಗುವಿನ ಹಾಗೆ ತಡೆದು ಬರುತ್ತಿತ್ತು. ಏನೋ ಒಂದು ಸೆಟ್ಟಿಂಗ್ ಬದಲಿಸಬೇಕಂತೆ. ಬದಲಿಸಿದರೆ ಸದ್ದು ಬೇಗ ಬಂತು, ಆದರೆ ಪಟಪಟ ಸಿಡಿಯಿತು.

ಕಲಿಸುವ ವಿಡಿಯೋಗಳನ್ನು ನೋಡಿದಳು. ಅದರಲ್ಲಿ ಒಬ್ಬ ಮನೆಯೊಳಗೂ ಕಪ್ಪು ಕನ್ನಡಕ ತೆಗೆಯದವನು, "ಇದನ್ನು ಇಲ್ಲಿಗೆ ಎಳೆಯಿರಿ, ಅದನ್ನು ಅಲ್ಲಿಗೆ ಹಾಕಿ, ಆಯಿತು ನೋಡಿ, ಎಷ್ಟು ಸುಲಭ" ಎನ್ನುತ್ತಿದ್ದ. ಅವನಿಗೆ ಆಗುತ್ತಿತ್ತು. ಇವಳಿಗೆ ಎಳೆಯುವ ಜಾಗವೇ ಸಿಗುತ್ತಿರಲಿಲ್ಲ. ಅವನದು ಬೇರೆ ಆವೃತ್ತಿ, ಇವಳದು ಪುಕ್ಕಟೆಯದು.

ಆ ಪುಕ್ಕಟೆಯ ಗುಟ್ಟು ಗೊತ್ತಾದದ್ದು ಒಂದು ವಾರ ಕಷ್ಟಪಟ್ಟ ಮೇಲೆ. ಕಿಕ್ಕು, ಚಪ್ಪಾಳೆ, ದಪ್ಪ ದನಿ ಎಲ್ಲ ಕೂಡಿಸಿ, ಸೇವ್ ಮಾಡಿ, ಲ್ಯಾಪ್‌ಟಾಪ್ ಮುಚ್ಚಿದಳು. ಮರುದಿನ ತೆರೆಯಲು ಹೋದರೆ, ಉಳಿಸಿದ ಕೆಲಸವನ್ನು ಮತ್ತೆ ತೆರೆಯಬೇಕಾದರೆ ಪೂರ್ತಿ ಆವೃತ್ತಿ ಕೊಳ್ಳಿ ಎಂದು ಪರದೆಯ ಮೇಲೆ ಬಂತು.

"ಹಾಗಾದ್ರೆ ಉಳಿಸೋಕೆ ಯಾಕೆ ಬಿಟ್ರು?" ಎಂದು ಕೂಗಿದಳು. ಗಂಡ ಬಾತ್‌ರೂಮಿನಿಂದ, "ನಾನೇನೂ ಮಾಡಿಲ್ಲ!" ಎಂದ.

ಮಗಳು ನಿಜವಾಗಿಯೂ ಪುಕ್ಕಟೆಯಾದ ಇನ್ನೊಂದು ಸಾಫ್ಟ್‌ವೇರ್ ಹುಡುಕಿ ಹಾಕಿಕೊಟ್ಟಳು. ಅದರಲ್ಲಿ ಎಲ್ಲ ಗುಂಡಿಗಳೂ ಬೇರೆ ಜಾಗದಲ್ಲಿ. ಮತ್ತೆ ಮೊದಲಿನಿಂದ. ದಪ್ಪ ದನಿಯೂ ಕಿಕ್ಕೂ ಒಂದೇ ಬಾಗಿಲಲ್ಲಿ ನುಗ್ಗುವ ಇಬ್ಬರು ದಡೂತಿಗಳ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡು ಗೊಂದಲವಾಗುತ್ತಿತ್ತು. ಕಿಕ್ ಬಂದಾಗಲೆಲ್ಲ ದಪ್ಪ ದನಿ ತಲೆ ತಗ್ಗಿಸಿ ದಾರಿ ಬಿಡುವ ಹಾಗೆ ಮಾಡಬೇಕು ಎಂದು ಕನ್ನಡಕದವನೇ ಹೇಳಿದ್ದ. ಅದನ್ನು ಮಾಡಲು ಕಲಿತ ದಿನ ಅವಳಿಗೆ ನಿಜಕ್ಕೂ ಸಂತೋಷವಾಯಿತು. ಅಡುಗೆಮನೆಗೆ ಹೋಗಿ ಗಂಡನಿಗೆ ಹೆಡ್‌ಫೋನ್ ಹಾಕಿ, "ಕೇಳಿ, ಈಗ ದಾರಿ ಬಿಡ್ತಾ ಇದೆ" ಎಂದಳು. ಅವನು ತಲೆಯಾಡಿಸಿ, "ಯಾರು?" ಎಂದ.

ಎಲ್ಲಕ್ಕಿಂತ ಕೆಟ್ಟದ್ದು ಎಂಟು ಬಾರಿನ ಗೋಳು. ಕುಣಿತದ ಹಾಡನ್ನು ತುಂಡು ತುಂಡಾಗಿ ಅಳೆಯುತ್ತಾರೆ. ನಾಲ್ಕು ಗುದ್ದಿಗೆ ಒಂದು ಬಾರು. ಅಂಥ ಎಂಟು ಬಾರುಗಳನ್ನು ಅವಳು ಚೆಂದವಾಗಿ ಕಟ್ಟಿದಳು. ಅದು ಸುತ್ತಿ ಸುತ್ತಿ ಬರುತ್ತಿದ್ದರೆ ಕೇಳಲು ಹಿತವಾಗಿತ್ತು. ಒಂಬತ್ತನೆಯದಕ್ಕೆ ಏನು ಮಾಡಬೇಕೋ ತಿಳಿಯದು. ಏನು ಸೇರಿಸಿದರೂ ಹೊಸ ಬಟ್ಟೆಗೆ ತೇಪೆ ಹಾಕಿದ ಹಾಗೆ. ತೆಗೆದರೆ ಮತ್ತೆ ಅದೇ ಎಂಟು. ವಾರಗಟ್ಟಲೆ ಆ ಎಂಟರೊಳಗೇ ಗಾಣದೆತ್ತಿನ ಹಾಗೆ ತಿರುಗಿದಳು. ಹಲ್ಲಿನ ಸೆಟ್ಟಿಗಾದರೆ ಒಂದು ಕೊನೆಯಿದೆ. ಬಾಯಿ ತುಂಬಿತು ಎಂದರೆ ಮುಗಿಯಿತು. ಇದಕ್ಕೆ ತುಂಬುವುದು ಎಂದರೆ ಏನು?

ಕೊನೆಗೆ ರೋಸಿಹೋಗಿ, ನಾದಿನಿಯ ಕ್ಲಾಸಿನ ಹಾಡೊಂದನ್ನು ಪಕ್ಕದಲ್ಲಿಟ್ಟು ಕೇಳಿ, ಅದು ಎಲ್ಲಿ ಏರುತ್ತದೆ, ಎಲ್ಲಿ ಬರಿದಾಗುತ್ತದೆ, ಎಲ್ಲಿ ತುಂಬಿ ಬರುತ್ತದೆ ಎಂದು ನೋಡಿಕೊಂಡು, ಅದೇ ಅಂದಾಜಿನಲ್ಲಿ ತನ್ನ ತುಣುಕುಗಳನ್ನು ಹರಡಿದಳು. ಅಂತೂ ಇಂತೂ ಒಂದು ಹಾಡು ಮುಗಿಯಿತು. ಮಗಳನ್ನೂ ಗಂಡನನ್ನೂ ಕೂರಿಸಿ, ಟಿವಿಯ ಸ್ಪೀಕರಿಗೆ ಸಿಕ್ಕಿಸಿ ಹಾಕಿದಳು.

ಕಿಕ್ ಬಂತು, ದಪ್ಪ ದನಿ ಬಂತು. ಇಬ್ಬರೂ ಚೆನ್ನಾಗಿಯೇ ಕೂತಿದ್ದರು. ಹ್ಯಾಟ್ ಶುರುವಾದದ್ದೇ ತಡ, ಮಗಳು ಮುಖ ಕಿವುಚಿದಳು. ಗಂಡ ಕಿವಿಗೆ ಬೆರಳಿಟ್ಟ.

"ಅಮ್ಮ, ಮೇಲಿನ ಸದ್ದು ತುಂಬಾ ಚುಚ್ಚುತ್ತೆ."

"ಏನು ಚುಚ್ಚುತ್ತೆ? ಅದು ಕೇಳಿಸೋದೇ ಇಲ್ಲ ಅಂತ ಈಗಷ್ಟೇ ಜೋರು ಮಾಡಿದೀನಿ."

"ಕೇಳಿಸಲ್ವಾ? ಕಿವಿಯೊಳಗೆ ಸೂಜಿ ಹಾಕಿದ ಹಾಗಿದೆ ಮಾರಾಯ್ತಿ" ಎಂದ ಗಂಡ.

ಮೇಣದಕ್ಕನ ಮೈ ಉರಿದುಹೋಯಿತು. ಮನೆಯಲ್ಲಿ ಇಷ್ಟು ದಿನ ತಾನು ಯಾವುದಕ್ಕೂ ನನಗಾಗಿ ಎಂದು ಕೂತವಳಲ್ಲ. ಈಗ ಒಮ್ಮೆ ಕೂತರೆ ಇವರಿಗೆ ಸೂಜಿ ಚುಚ್ಚುತ್ತದೆ. "ನನ್ನ ಕೈ ಕೆಲಸ ಅಂದ್ರೆ ನಿಮಗೆ ಹೀಗೇ" ಎಂದು ವೈರು ಕಿತ್ತುಕೊಂಡು ಒಳಗೆ ಹೋದಳು. ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು.

ಹಾಡನ್ನು ನಾದಿನಿಗೆ ಕಳಿಸಿದಳು. ನಾದಿನಿಗೆ ಅತ್ತಿಗೆಯ ಮೇಲೆ ಪ್ರೀತಿ. ಕೇಳಿಯೂ ನೋಡದೆ, ಅಚ್ಚರಿ ಇರಲಿ ಎಂದು ನೇರವಾಗಿ ಕ್ಲಾಸಿನಲ್ಲೇ ಹಾಕಿದಳು. "ಇವತ್ತು ನಮ್ಮ ಅತ್ತಿಗೆ ಮಾಡಿದ ಹಾಡು!" ಎಂದು ಸಾರಿದಳು ಕೂಡ. ಹಾಲಿನ ನಾಲ್ಕು ಮೂಲೆಯಲ್ಲೂ ದೊಡ್ಡ ಸ್ಪೀಕರುಗಳು. ಹ್ಯಾಟ್ ಬಂದ ಕೂಡಲೇ ಮುಂದಿನ ಸಾಲಿನ ಹೆಂಗಸರು ಕೈ ಎತ್ತುವ ಬದಲು ಕಿವಿ ಮುಚ್ಚಿಕೊಂಡರು. ಸಾಲದ್ದಕ್ಕೆ, ನಡುವೆ ಎಲ್ಲ ನಿಂತು ಬರಿದಾಗುವ ಜಾಗವನ್ನು ಮೇಣದಕ್ಕ ತುಸು ಉದಾರವಾಗಿಯೇ ಇಟ್ಟಿದ್ದಳು. ಎಲ್ಲರೂ ಒಂದು ಕಾಲು ಎತ್ತಿದ್ದಾಗ ಕಿಕ್ ನಿಂತುಹೋಯಿತು. ಕಾಲು ಇಳಿಸಬೇಕೋ ಬೇಡವೋ ತಿಳಿಯದೆ ಹೆಂಗಸರು ಕೊಕ್ಕರೆಗಳ ಹಾಗೆ ಓಲಾಡಿದರು. ಒಬ್ಬರು ಪಕ್ಕದವರನ್ನು ಹಿಡಿದುಕೊಂಡರು, ಅವರು ಅವರ ಪಕ್ಕದವರನ್ನು. ಸಾಲು ಸಾಲೇ ಗೋಡೆಗೆ ಒರಗಿತು. ನಾದಿನಿ ಓಡಿಬಂದು ಹಾಡು ನಿಲ್ಲಿಸಿದಳು.

ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲರೂ ನಕ್ಕರು. ಆ ನಗು ಅಲ್ಲೇ ನಿಂತಿದ್ದ ಮೇಣದಕ್ಕನಿಗೆ ಪೆಟ್ಟಿಗಿಂತ ಜೋರಾಗಿ ತಾಗಿತು. ಚಪ್ಪಲಿ ಹಾಕಿಕೊಂಡು, ಯಾರಿಗೂ ಹೇಳದೆ ಮೆಟ್ಟಿಲಿಳಿದಳು.

ಆ ಭಾನುವಾರ ಮಧ್ಯಾಹ್ನ ಹಠಕ್ಕೆ ಬಿದ್ದವಳಂತೆ ಲ್ಯಾಪ್‌ಟಾಪ್ ತೆರೆದಳು. ಅಷ್ಟೂ ಜನ ಕಿವಿ ಮುಚ್ಚಿಕೊಂಡದ್ದನ್ನು ಕಣ್ಣಾರೆ ಕಂಡಿದ್ದಾಳೆ. ಗಂಡ ಮತ್ತು ಮಗಳು ಸೇರಿ ತನ್ನನ್ನು ಆಡಿಕೊಂಡರು ಎನ್ನಬಹುದು. ಹಾಲಿನ ತುಂಬ ಇದ್ದ ಹೆಂಗಸರು ಯಾಕೆ ಆಡಿಕೊಳ್ಳುತ್ತಾರೆ? ಸಾಫ್ಟ್‌ವೇರಿನಲ್ಲಿ ಸದ್ದನ್ನು ಚಿತ್ರದ ಹಾಗೆ ತೋರಿಸುವ ಒಂದು ಕಿಟಕಿ ಇತ್ತು. ಎಡಗಡೆ ದಪ್ಪ ದನಿಗಳು, ಬಲಕ್ಕೆ ಹೋದ ಹಾಗೆಲ್ಲ ಸಣ್ಣ, ಚೂಪು ದನಿಗಳು. ಅವಳ ಹಾಡನ್ನು ಹಾಕಿದರೆ ಎಡಗಡೆ ಒಂದು ದಿಬ್ಬ, ಬಲಗಡೆ ಅದನ್ನೂ ಮೀರಿಸುವ ಒಂದು ಗುಡ್ಡ. ಆ ಗುಡ್ಡ ಯಾವುದರದು?

ಒಂದೊಂದೇ ಸದ್ದನ್ನು ನಿಲ್ಲಿಸುತ್ತ ಹೋದಳು. ಕಿಕ್ ನಿಲ್ಲಿಸಿದಳು, ಗುಡ್ಡ ಹಾಗೇ ಇತ್ತು. ಚಪ್ಪಾಳೆ ನಿಲ್ಲಿಸಿದಳು, ಹಾಗೇ ಇತ್ತು. ಕೊನೆಗೆ ಉಳಿದದ್ದು ಒಂದೇ ಒಂದು ಹ್ಯಾಟ್. ಪರದೆಯ ಮೇಲೆ ಗುಡ್ಡ ಜಿಗಿಯುತ್ತಿತ್ತು, ಬೀಳುತ್ತಿತ್ತು, ಮತ್ತೆ ಜಿಗಿಯುತ್ತಿತ್ತು. ಕಿವಿಯಲ್ಲಿ ಮಾತ್ರ ಯಾರೋ ದೂರದಲ್ಲಿ ಕಾಗದ ಸವರಿದಂಥ ಒಂದು ಅನುಮಾನ, ಅಷ್ಟೇ. ಹೆಡ್‌ಫೋನ್ ಕೆಟ್ಟಿದೆ ಎಂದುಕೊಂಡು, ಅದರ ವೈರು ಕಿತ್ತು, ಸದ್ದನ್ನು ಟಿವಿ ಸ್ಪೀಕರಿಗೆ ಬಿಟ್ಟು, ಪೂರ್ತಿ ಜೋರು ಮಾಡಿದಳು.

ಪಕ್ಕದ ಕೋಣೆಯಿಂದ ಮಗಳು ಎರಡೂ ಕಿವಿ ಒತ್ತಿ ಹಿಡಿದುಕೊಂಡು ಬಂದಳು. "ಅಮ್ಮಾ! ಆರಿಸು ಅದನ್ನ! ತಲೆ ಸಿಡಿಯುತ್ತೆ!"

ಮೇಣದಕ್ಕ ಪರದೆ ನೋಡಿದಳು, ಮಗಳ ಮುಖ ನೋಡಿದಳು.

"ಈಗ ಸದ್ದು ಬರ್ತಾ ಇದೆಯಾ?"

ಮಗಳು ನಿಧಾನಕ್ಕೆ ಕೈ ಕೆಳಗಿಳಿಸಿ, ತಾನೇ ಹೋಗಿ ಆರಿಸಿದಳು. "ಅಮ್ಮ, ನಿಂಗೆ ಇದು ಕೇಳಿಸ್ತಾ ಇಲ್ವಾ?"

ಕಿವಿಯ ಡಾಕ್ಟರ ಬಳಿ ಗಂಡನೇ ವ್ಯಾನಿನಲ್ಲಿ ಕರೆದುಕೊಂಡು ಹೋದ. ಅಲ್ಲಿ ಪರೀಕ್ಷೆ ಮಾಡುವಾಕೆ ಒಂದು ಪುಟ್ಟ ಕೋಣೆಯೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದಳು. ಮೇಣದಕ್ಕ ಚೆನ್ನಾಗಿಯೇ ಒತ್ತುತ್ತಿದ್ದಳು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಪರೀಕ್ಷೆ ಮುಗಿಯಿತೇನೋ ಎಂದು ಗಾಜಿನಾಚೆ ನೋಡಿದರೆ, ಆಕೆ ತಲೆ ತಗ್ಗಿಸಿಕೊಂಡು ಇನ್ನೂ ಸದ್ದು ಕಳಿಸುತ್ತಲೇ ಇದ್ದಳು.

"ದಪ್ಪ ದನಿ ಎಲ್ಲ ಸರಿಯಾಗಿದೆ. ಸಣ್ಣ, ಚೂಪು ದನಿಗಳು ಎರಡೂ ಕಿವಿಯಲ್ಲಿ ಹೋಗಿವೆ" ಎಂದಳು ಆಕೆ. "ಜೋರು ಸದ್ದಿನ ಹತ್ತಿರ ಕೆಲಸ ಏನಾದ್ರೂ?"

ಗ್ರೈಂಡರಿನ ಮಾತು ಹೇಳಿದಳು.

"ಕಿವಿಗೆ ಏನಾದ್ರೂ ಹಾಕ್ಕೋತಿದ್ರಾ?"

"ಮುಖಕ್ಕೆ ಮಾಸ್ಕ್ ಕೊಟ್ಟಿದ್ದಾರೆ, ಪುಡಿ ಹೋಗಬಾರದು ಅಂತ. ಕಿವಿಗೆ ಯಾರೂ ಏನೂ ಹೇಳಿಲ್ಲ."

"ಮನೇಲಿ ಫ್ರಿಜ್ ಬಾಗಿಲು ತೆರೆದಿದ್ರೆ ಪೀ ಅನ್ನುತ್ತಲ್ಲ, ಕೇಳಿಸುತ್ತಾ?"

ಮೇಣದಕ್ಕ ಗಂಡನತ್ತ ತಿರುಗಿದಳು. "ನಮ್ಮ ಫ್ರಿಜ್ ಹಾಗೆ ಅನ್ನುತ್ತಾ?"

"ಅನ್ನುತ್ತೆ" ಎಂದ ಅವನು ಮೆಲ್ಲಗೆ. "ನೀನು ಬೇಕಂತ್ಲೇ ಎದ್ದು ಹೋಗಲ್ಲ ಅಂತ ನಾನು ಅಂದುಕೊಂಡಿದ್ದೆ."

ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಪರೀಕ್ಷೆಯಾಕೆ ಹೇಳಿದಳು. ಇನ್ನೂ ಕೆಟ್ಟರೆ ಕಿವಿಗೆ ಯಂತ್ರ ಹಾಕಿಕೊಳ್ಳಬಹುದು, ಈಗಲೇ ಬೇಕಾಗಿಲ್ಲ ಎಂದಳು. ದಾರಿಯುದ್ದಕ್ಕೂ ಮೇಣದಕ್ಕ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅಳು ಬರಲಿಲ್ಲ, ಕೋಪ ಬಂತು. ಯಾರ ಮೇಲೆ ಎಂದು ತಿಳಿಯದ ಕೋಪ. ಅಷ್ಟು ವರ್ಷ ತನ್ನ ಕೈಯಲ್ಲೇ ಹಿಡಿದ ಮೋಟಾರು ತನ್ನ ಕಿವಿಯನ್ನೇ ಕದ್ದುಕೊಂಡು ಹೋಗಿದೆ, ಕದ್ದದ್ದೂ ಗೊತ್ತಾಗಿಲ್ಲ. ಗೊತ್ತಾದದ್ದು ಈಗ, ಒಂದು ಹಾಡು ಕಟ್ಟುತ್ತೇನೆಂದು ಹೊರಟಾಗ.

ಮರುದಿನ ಲ್ಯಾಬಿನ ಯಜಮಾನರ ಮುಂದೆ ಹೋಗಿ ನಿಂತಳು. "ಸರ್, ಗ್ರೈಂಡರ್ ಮುಂದೆ ಕೂರೋರಿಗೆಲ್ಲ ಕಿವಿ ಮುಚ್ಚೋದು ಬೇಕು."

ಯಜಮಾನರು ಕೆಟ್ಟವರಲ್ಲ. ಯಾವುದನ್ನೂ ಕಿವಿಗೆ ಹಾಕಿಕೊಳ್ಳದವರು ಅಷ್ಟೇ. "ಅದೆಲ್ಲ ಕಾರ್ಖಾನೆಯಲ್ಲಿ ಬೇಕಾಗೋದು. ನಮ್ದು ಇಷ್ಟು ಪುಟ್ಟ ಮೋಟಾರು. ಕಿವಿ ಮುಚ್ಚಿಕೊಂಡು ಕೂತ್ರೆ ಫೋನ್ ಬಂದಾಗ ಯಾರು ಎತ್ತೋದು?"

"ನೀವು ಎತ್ತಿ."

ಪಕ್ಕದ ಮೇಜಿನಲ್ಲಿ ಪಾಲಿಶ್ ಮಾಡುತ್ತಿದ್ದವನು ಮೋಟಾರು ನಿಲ್ಲಿಸಿ ಕತ್ತು ಚಾಚಿದ. ಯಜಮಾನರು ಅವಳ ಮುಖ ನೋಡಿದರು. ಮೇಣದಕ್ಕ ಕದಲಲಿಲ್ಲ. "ಡಾಕ್ಟರ್ ಬರೆದುಕೊಟ್ಟಿದ್ದಾರೆ, ತೋರಿಸ್ಲಾ?" ಎಂದಳು. ಒಂದು ವಾರ ಬಿಟ್ಟು, ಗೋಡೆಯ ಮೊಳೆಗೆ ಕಿವಿ ಮುಚ್ಚುವ ಹಳದಿ ಬಟ್ಟಲುಗಳು ಬಂದು ತೂಗಾಡಿದವು. ಅವಳು ಹಾಕಿಕೊಂಡಳು. ಪಾಲಿಶಿನವನು, "ಬೆವರುತ್ತೆ ಅಕ್ಕ" ಎಂದು ಎರಡೇ ದಿನಕ್ಕೆ ತೆಗೆದಿಟ್ಟ. "ನಿನ್ನ ಹೆಂಡ್ತಿ ಪಿಸುಗುಟ್ಟಿದ್ದು ಇನ್ನು ಹತ್ತು ವರ್ಷ ಕೇಳಿಸಬೇಕೋ ಬೇಡ್ವೋ?" ಎಂದು ಕೇಳಿದಳು. "ಅವಳು ಪಿಸುಗುಟ್ಟಲ್ಲ ಅಕ್ಕ, ಕಿರುಚ್ತಾಳೆ" ಎಂದ. ಅವನ ಜೊತೆ ಜಗಳವಾಡಲು ಅವಳಿಗೆ ಶಕ್ತಿ ಉಳಿದಿರಲಿಲ್ಲ.

ಲ್ಯಾಪ್‌ಟಾಪನ್ನು ಕಪಾಟಿನ ಮೇಲೆ ಎತ್ತಿಟ್ಟುಬಿಟ್ಟಳು. ಅರ್ಧ ಕೇಳುವವಳು ಹಾಡು ಕಟ್ಟುವುದೆಂದರೆ ಮಣ್ಣಂಗಟ್ಟಿ ಎಂದುಕೊಂಡಳು. ಕ್ಲಾಸಿಗೂ ಹೋಗಲಿಲ್ಲ. ಕತ್ತು ಮತ್ತೆ ಹಿಡಿದುಕೊಂಡಿತು.

ನಾದಿನಿ ಮನೆಗೇ ಬಂದಳು. ವಿಷಯ ಅಣ್ಣನಿಂದ ಗೊತ್ತಾಗಿತ್ತು, ಆದರೆ ಕನಿಕರ ತೋರಿಸುವ ಜಾತಿಯಲ್ಲ ಅವಳು. "ಅತ್ತಿಗೆ, ನಿಮ್ಮ ಆ ಧಡ್ ಧಡ್ ಇತ್ತಲ್ಲ, ಅದು ಚೆನ್ನಾಗಿತ್ತು. ನಾನು ಹಾಕೋ ಹಾಡುಗಳಿಗಿಂತ ಗಟ್ಟಿ ಇತ್ತು. ಆ ಚುಚ್ಚೋದನ್ನ ತೆಗೀರಿ. ನಡುವೆ ನಿಲ್ಲಿಸಬೇಡಿ. ಕೊಡಿ ನಂಗೆ, ಹಾಕ್ತೀನಿ."

"ಚುಚ್ಚೋದು ನಂಗೆ ಕೇಳಿಸಿದ್ರೆ ತಾನೇ ತೆಗೆಯೋದು!" ಎಂದು ಮೇಣದಕ್ಕ ರೇಗಿದಳು.

ಅಲ್ಲೇ ಚಪ್ಪಲಿ ಒರೆಸುತ್ತ ಕೂತಿದ್ದ ಗಂಡ ತಲೆಯೆತ್ತಿದ. "ನಂಗೆ ಕೇಳಿಸುತ್ತಲ್ಲ. ನಾನು ಕೂರ್ತೀನಿ. ಚುಚ್ಚಿದ್ರೆ ಕೈ ಎತ್ತುತ್ತೀನಿ."

ಹಾಗೆ ಅವನು ಅವಳ ಕಿವಿಯಾದ. ಹೇಳಲು ಚೆಂದ, ನಡೆದದ್ದು ಬೇರೆ. ಸಂಜೆ ಟೀ ಮುಗಿದ ಮೇಲೆ ಕುರ್ಚಿ ಎಳೆದುಕೊಂಡು, ಸ್ಪೀಕರಿನ ಮುಂದೆ ಕೂರುವನು. ಅವಳು ಹ್ಯಾಟಿನ ಸದ್ದನ್ನು ಸ್ವಲ್ಪ ಸ್ವಲ್ಪವೇ ಏರಿಸುವಳು. ಅವನು ಕೈ ಎತ್ತುವನು. ಇಳಿಸುವಳು. ಅವನು ಕೈ ಇಳಿಸುವನು.

"ಈಗ ಹೇಗಿದೆ?"

"ಚುಚ್ಲಿಲ್ಲ."

"ಚುಚ್ಲಿಲ್ಲ ಸರಿ. ಹೇಗಿದೆ ಅಂತ ಕೇಳ್ದೆ. ತೆಳುವಾಗಿದೆಯಾ? ಒಣಗಿದ ಹಾಗಿದೆಯಾ? ಮುಂದೆ ಇದೆಯಾ ಹಿಂದೆ ಇದೆಯಾ?"

ಅವನು ಬಹಳ ಯೋಚಿಸಿ, "ಅಷ್ಟೊಂದು ಚುಚ್ಲಿಲ್ಲ" ಎಂದ.

ಮೇಣದಕ್ಕ ಹಲ್ಲು ಕಚ್ಚಿದಳು. ದಿನವಿಡೀ ಸ್ಟೀರಿಂಗ್ ಹಿಡಿದು ಬಂದವನು. ಕೆಲವು ಸಂಜೆ ಕೈ ಎತ್ತಿದವನು ಎತ್ತಿದ ಹಾಗೇ ನಿದ್ದೆ ಹೋಗಿರುತ್ತಿದ್ದ. ಅವಳು ಅದನ್ನು ನಂಬಿ ಇಳಿಸುತ್ತ ಇಳಿಸುತ್ತ ಹ್ಯಾಟನ್ನು ಇಲ್ಲವೆನ್ನುವಷ್ಟು ಮಾಡಿರುತ್ತಿದ್ದಳು. ಮಗಳು ಹಾದುಹೋಗುವಾಗ ನಿಂತು ಕೇಳಿ, "ಅಯ್ಯೋ, ಈಗ ಅದು ಸತ್ತೇ ಹೋಗಿದೆ. ಅಪ್ಪ ಮಲಗಿದಾರೆ ನೋಡು" ಎನ್ನುವಳು. ಮತ್ತೆ ಮೊದಲಿನಿಂದ. ಒಮ್ಮೆ ಅಪ್ಪ ಮಗಳು ಇಬ್ಬರೂ ಕೂತು, ಒಬ್ಬರು ಹೆಚ್ಚಾಯಿತು ಎಂದರೆ ಇನ್ನೊಬ್ಬರು ಕಡಿಮೆಯಾಯಿತು ಎಂದು ಅವರವರಲ್ಲೇ ಜಗಳ ಹತ್ತಿ, ಮೇಣದಕ್ಕ ಕೈ ಚೆಲ್ಲಿ ಎದ್ದು ಹೋದಳು. ತನ್ನ ಹಾಡಿನ ಬಗ್ಗೆ ಇಬ್ಬರು ಜಗಳವಾಡುತ್ತಿದ್ದಾರೆ, ತನಗೆ ಮಾತ್ರ ಜಗಳದ ವಿಷಯವೇ ಕೇಳಿಸುತ್ತಿಲ್ಲ.

ಆದರೂ ಮರುದಿನ ಬಂದು ಕೂತಳು. ಕಿಕ್ಕನ್ನೂ ದಪ್ಪ ದನಿಯನ್ನೂ ತಾನೇ, ಯಾರನ್ನೂ ಕೇಳದೆ ತಿದ್ದಿದಳು. ಅಲ್ಲಿ ಅವಳ ಕಿವಿ ಚುರುಕಾಗಿತ್ತು. ಆ ಭಾಗ ತಿದ್ದುವಾಗ ಮಾತ್ರ ಅವಳ ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಮೇಲಿನದನ್ನು ಪರದೆಯ ಗುಡ್ಡ ನೋಡಿ ಅಂದಾಜು ಮಾಡಿ, ಗಂಡನ ಕೈ ನೋಡಿ ಸರಿಪಡಿಸಿ, ಮಗಳ ಮುಖ ನೋಡಿ ಮುಗಿಸಿದಳು. ನಡುವಿನ ಬರಿದಾದ ಜಾಗವನ್ನು ಒಲ್ಲದ ಮನಸ್ಸಿನಿಂದ ಕತ್ತರಿಸಿದಳು. ಅವಳಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದದ್ದು ಅದೇ. ಕೊಕ್ಕರೆಗಳ ನೆನಪಾಗಿ ಕತ್ತರಿಸಲೇಬೇಕಾಯಿತು.

ನಾದಿನಿ ಈ ಸಲ ಮೊದಲೇ ಕೇಳಿ ನೋಡಿದಳು. "ಸರಿ ಇದೆ ಅತ್ತಿಗೆ. ಮಂಗಳವಾರ ಹಾಕ್ತೀನಿ. ಬರಬೇಕು ನೀವು."

ಮೇಣದಕ್ಕ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲೇ ನಿಂತಳು. ಕಳೆದ ಸಲದ ಹಾಗಾದರೆ ಓಡಿಹೋಗಲು ಅನುಕೂಲ. ನಾದಿನಿ ಈ ಬಾರಿ ಸಾರಲಿಲ್ಲ, ಸುಮ್ಮನೆ ಹಾಕಿದಳು. ಧಡ್ ಧಡ್ ಎಂದು ಇಡೀ ಹಾಲ್ ತುಂಬಿತು. ಹೆಂಗಸರು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಕೈ ಎತ್ತಿದರು. ಹ್ಯಾಟ್ ಬಂದದ್ದು ಮೇಣದಕ್ಕನಿಗೆ ಗೊತ್ತಾದದ್ದು ಗುದ್ದುಗಳ ಲೆಕ್ಕದಿಂದ. ಎದುರಿನ ಹೆಗಲುಗಳನ್ನೇ ನೋಡಿದಳು. ಯಾರೂ ಕಿವಿ ಮುಚ್ಚಿಕೊಳ್ಳಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ. ಹಾಡು ಅಲ್ಲಿದೆ ಎಂಬುದೇ ಯಾರಿಗೂ ತಿಳಿಯದ ಹಾಗೆ, ಕಾಲುಗಳು ಮಾತ್ರ ಅದರ ಹಿಂದೆ ಹೋಗುತ್ತಿದ್ದವು. ಮುಂದಿನ ಸಾಲಿನ ದಪ್ಪನೆಯ ಹೆಂಗಸೊಬ್ಬರು, ಹೇಳದಿದ್ದರೂ, ಒಂದು ಸಣ್ಣ ಕುಣಿತವನ್ನು ತಾವೇ ಸೇರಿಸಿಕೊಂಡರು.

ಮೇಣದಕ್ಕನಿಗೆ ಎದೆ ತುಂಬಿ ಬರಬೇಕಿತ್ತು. ಬರುತ್ತಲೂ ಇತ್ತು. ಅಷ್ಟರಲ್ಲಿ ಹಾಡಿನ ಎರಡನೆಯ ಅರ್ಧ ಶುರುವಾಯಿತು, ಮತ್ತು ಅವಳಿಗೆ ಕೇಳಿಸಿತು: ನಡುವಿನದನ್ನು ಕತ್ತರಿಸಿ ಜೋಡಿಸಿದ ಕಡೆಯಿಂದ ಮುಂದಕ್ಕೆ ಚಪ್ಪಾಳೆ ಕಿಕ್ಕಿಗಿಂತ ಕೂದಲೆಳೆಯಷ್ಟು ತಡವಾಗಿ ಬೀಳುತ್ತಿದೆ. ಚಪ್ಪಾಳೆ ಅವಳ ಕಿವಿಗೆ ಚೆನ್ನಾಗಿಯೇ ಕೇಳುವ ಸದ್ದು. ಮನೆಯ ಟಿವಿ ಸ್ಪೀಕರಿನಲ್ಲಿ ತಿಳಿದಿರಲಿಲ್ಲ, ಇಲ್ಲಿ ದೊಡ್ಡ ಸ್ಪೀಕರುಗಳಲ್ಲಿ ಬೆತ್ತಲೆ ನಿಂತ ಹಾಗೆ ಎದ್ದು ಕಾಣುತ್ತಿದೆ. ಒಂದು ಸಲ ಕೇಳಿಸಿದ ಮೇಲೆ ಬೇರೇನೂ ಕೇಳಿಸದು. ತಡ. ಮತ್ತೆ ತಡ. ಮತ್ತೆ ತಡ. ಇಷ್ಟು ಹೆಂಗಸರಲ್ಲಿ ಒಬ್ಬರಿಗಾದರೂ ಗೊತ್ತಾಗಬಾರದೇ ಎಂದು ಸಿಟ್ಟು ಬಂತು. ಗೊತ್ತಾಗದಿರಲಿ ಎಂದೂ ಬೇಡಿಕೊಂಡಳು.

ಸಾಲುಗಳೆಲ್ಲ ಒಟ್ಟಿಗೆ ಕೈ ಎತ್ತಿ ಇಳಿಸುತ್ತಿದ್ದವು. ಅವಳೊಬ್ಬಳೇ ಸೊಂಟಕ್ಕೆ ಕೈಯಿಟ್ಟು, ಸ್ಪೀಕರನ್ನು ದುರುಗುಟ್ಟಿ ನೋಡುತ್ತ ನಿಂತಿದ್ದಳು.

"ಅತ್ತಿಗೆ!" ಎಂದು ನಾದಿನಿ ಎದುರಿನಿಂದ ಕೂಗಿದಳು. "ಕೈ ಎತ್ತಿ!"

ಮೇಣದಕ್ಕ ಕೈ ಎತ್ತಿದಳು, ಎಲ್ಲರಿಗಿಂತ ಒಂದು ಗುದ್ದು ತಡವಾಗಿ.